ಹನ್ನೊಂದು ಮನೆ, ಒಂದು ಕರ್ಚೀಫು

ವೇಮಗಲ್, 3 ನವೆಂಬರ್ 1941, ಸೋಮವಾರ

ಮೊಟ್ಟೆ ಹಾಳೆ ಹಂಚಿ ಮುಗಿಯಿತು. ಈ ಬೀದಿಯಲ್ಲಿ ರೇಷ್ಮೆ ಹುಳು ಸಾಕುವವರು ಹನ್ನೆರಡು ಮನೆ. ಹನ್ನೊಂದರಲ್ಲಿ ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಹನ್ನೆರಡನೆಯದು ರಾಮಲಕ್ಷ್ಮಮ್ಮನವರದು. ಹೊಸ್ತಿಲ ಆಚೆಯಿಂದಲೇ ಮೊರ ಚಾಚಿ ಹಾಳೆ ಇಸಿದುಕೊಂಡರು. ಹುಳುವಿನ ಕೋಣೆಗೆ ಹೊರಗಿನವರು ಕಾಲಿಡುವ ಹಾಗಿಲ್ಲವಂತೆ. ತಾವೂ ಸ್ನಾನ ಮಾಡಿ, ಒಗೆದ ಸೀರೆ ಉಟ್ಟೇ ಒಳಗೆ ಹೋಗುವುದಂತೆ. ನಾನು ರೇಷ್ಮೆ ಇಲಾಖೆಯ ಡೆಮಾನ್ಸ್ಟ್ರೇಟರ್, ನೋಡುವುದೇ ನನ್ನ ಕೆಲಸ ಎಂದೆ. “ಅಲ್ಲಿಂದ್ಲೇ ನೋಡು ನಾಯ್ನಾ” ಎಂದರು. ರಾಯಲ್ಪಾಡಿನ ಕಡೆಯಿಂದ ಬಂದ ಸೊಸೆ, ಈಗ ಅರವತ್ತರ ಹತ್ತಿರ. ಮಾತಿಗೊಂದು ತೆಲುಗು, ಅದರ ಮೇಲೊಂದು ಬಿಗುಮಾನ.

ತಿಂಗಳ ರಿಪೋರ್ಟಿನಲ್ಲಿ ಬರೆದೆ — ಮೂಢನಂಬಿಕೆ ಇನ್ನು ಒಂದು ಮನೆಯಲ್ಲಿ ಮಾತ್ರ ಉಳಿದಿದೆ. “ಒಂದು” ಎನ್ನುವುದರ ಕೆಳಗೆ ಗೆರೆ ಎಳೆದೆ. ಡಿಸೆಂಬರ್ ಹದಿಮೂರಕ್ಕೆ ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ. ನನ್ನ ಪ್ರೊಬೇಷನ್ ಅವತ್ತು ತೀರ್ಮಾನ. ಕೆಲಸ ಖಾಯಂ, ಇಲ್ಲವೇ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ.

9 ನವೆಂಬರ್, ಭಾನುವಾರ

ಕೋಲಾರಕ್ಕೆ ಹೋಗಿ ವೆಂಕಟರಾಯಪ್ಪ ಮೇಷ್ಟ್ರನ್ನು ನೋಡಿಕೊಂಡು ಬಂದೆ. ಹೈಸ್ಕೂಲಿನಲ್ಲಿ ಕಿವಿ ಹಿಂಡಿದವರು. ರಿಟೈರಾದರೂ ಬೆರಳಿನ ಬಿಗಿ ಹೋಗಿಲ್ಲ. ನೌಕರಿಯಲ್ಲಿ ಮೇಲೆ ಬರುವುದು ಹೇಗೆ ಎಂದು ಕೇಳಿದೆ. ಒಂಟಿ ಬುದ್ಧಿ ಸಾಲದು, ಕಷ್ಟ ಬಂದಾಗ ಕೇಳುವುದಕ್ಕೆ ಮೂರು ಜನರನ್ನು ಈಗಿನಿಂದಲೇ ಮಾಡಿಕೋ ಎಂದರು. ಯಾರಿದ್ದಾರೆ ಎಂದೂ ಕೇಳಿದರು.

ನೀವು, ಆಮೇಲೆ ಮಾಲೂರಿನ ಕೋದಂಡರಾಮಪ್ಪ ಎಂದೆ. ಕೋದಂಡರಾಮಪ್ಪ ನಮ್ಮ ಇಲಾಖೆಯಲ್ಲೇ ನನಗಿಂತ ಎಂಟು ವರ್ಷ ಸೀನಿಯರ್. ಕಾಗದ ಬರೆಯುವುದರಲ್ಲಿ ಎತ್ತಿದ ಕೈ. ಮೇಷ್ಟ್ರು ತಲೆಯಾಡಿಸಿದರು.

“ಇಬ್ರೂ ನಿನ್ನ ಕಂಡ್ರೆ ಇಷ್ಟ ಇರೋರೇ. ನಿನ್ನ ಕಂಡ್ರೆ ಆಗ್ದೇ ಇರೋರು ಒಬ್ರು ಬೇಕು ಕಣೋ.”

ಬಸ್ಸಿನಲ್ಲಿ ನಗು ಬಂತು. ಅಂಥವರು ವೇಮಗಲ್ಲಿನಲ್ಲಿ ಒಬ್ಬರೇ. ಅವರ ಹತ್ತಿರ ಬುದ್ಧಿ ಕೇಳುವಷ್ಟು ಗತಿಗೆಟ್ಟಿಲ್ಲ.

19 ನವೆಂಬರ್, ಬುಧವಾರ, ಸಂಜೆ

ದೊಡ್ಡ ದಿನ. ಮುನಿಶಾಮಿಯ ಮನೆಯಲ್ಲಿ ಸುಣ್ಣಕಟ್ಟು ರೋಗ ಕಂಡೆ. ಅವನು ಬೇರೆಲ್ಲಿಂದಲೋ ಮೊಟ್ಟೆ ತಂದು ಹದಿನೈದು ದಿನ ಮುಂಚೆಯೇ ಶುರು ಮಾಡಿದ್ದವನು, ಹುಳು ದೊಡ್ಡವು. ಐದು ಸತ್ತಿದ್ದವು. ಕಡ್ಡಿಯ ಹಾಗೆ ಸೆಟೆದು, ಮೈ ತುಂಬ ಬಿಳಿ ಪುಡಿ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಇದೇ ಮೊದಲು.

ಐದನ್ನೂ ಕರ್ಚೀಫಿನಲ್ಲಿ ಕಟ್ಟಿಕೊಂಡೆ. ತೋರಿಸಿದರೆ ತಾನೇ ಜನಕ್ಕೆ ತಿಳಿಯುವುದು? ಸಂಜೆಯೊಳಗೆ ಉಳಿದ ಹತ್ತು ಮನೆ ಮುಗಿಸಿದೆ. ಎಲ್ಲ ಕಡೆಯೂ ಹುಳುವಿನ ಕೋಣೆಯಲ್ಲೇ ನಿಂತು, ಗಂಟು ಬಿಚ್ಚಿ, ಇದು ಬರದ ಹಾಗೆ ಜೋಪಾನ ಎಂದು ಭಾಷಣ. ಗಂಗುಲಪ್ಪನಂತೂ ಮನೆಮಂದಿಯನ್ನೆಲ್ಲ ಕೂಗಿ ಕರೆದ. ಎಲೆ ಅಡಿಕೆ ಕೊಟ್ಟ. ರಾಮಲಕ್ಷ್ಮಮ್ಮ ಮಾತ್ರ ದೂರದಿಂದ ನೋಡಿ ಬಾಗಿಲು ಹಾಕಿಕೊಂಡರು. ಹಾಕಿಕೊಳ್ಳಲಿ. ಹನ್ನೊಂದು ಮನೆ ಒಂದೇ ದಿನದಲ್ಲಿ! ರಿಪೋರ್ಟಿಗೆ ಒಳ್ಳೆಯ ಸರಕು.

29 ನವೆಂಬರ್, ಶನಿವಾರ

ಗಂಗುಲಪ್ಪ ಕರೆಸಿದ್ದ. ಒಂದು ತಟ್ಟೆಯಲ್ಲಿ ಏಳೆಂಟು ಹುಳು ಬಿಳಿ. ಚಳಿಗೆ ಹೀಗಾಗುತ್ತದೆ ಎಂದು ಹೇಳಿ ಬಂದೆ. ಅವನು ಇನ್ನೊಂದು ಮಾತು ಕೇಳುವ ಮೊದಲೇ ಹೊರಟುಬಿಟ್ಟೆ.

30 ನವೆಂಬರ್, ಭಾನುವಾರ

ಇವತ್ತಿಗೆ ಆರು ಮನೆ. ಚಳಿ ಎಲ್ಲರಿಗೂ ಒಂದೇ. ರಾಮಲಕ್ಷ್ಮಮ್ಮನ ಮನೆಯಲ್ಲಿ ಒಂದು ಹುಳುವಿಗೂ ಏನೂ ಆಗಿಲ್ಲವಂತೆ.

ಪೆಟ್ಟಿಗೆಯಿಂದ ಟ್ರೈನಿಂಗ್ ನೋಟ್ಸು ತೆಗೆದೆ. ನನ್ನದೇ ಅಕ್ಷರ — ಬಿಳಿ ಪುಡಿಯೇ ರೋಗದ ಬೀಜ. ಕೈಗೆ, ಬಟ್ಟೆಗೆ ಹತ್ತಿ ಮನೆಯಿಂದ ಮನೆಗೆ ಹೋಗುತ್ತದೆ. ಸತ್ತ ಹುಳುವನ್ನು ಅಲ್ಲೇ ಸುಡಬೇಕು.

ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಪೂರ್ತಿ ಮಾರ್ಕು ಬಂದಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನಾನೇ ತಂದದ್ದು. ನಾನೇ ಹಂಚಿದ್ದು.

7 ಡಿಸೆಂಬರ್, ಭಾನುವಾರ

ಒಂದು ವಾರ ಏನೂ ಬರೆಯಲಿಲ್ಲ. ಎಂಟು ಮನೆಯ ಹುಳು ತಿಪ್ಪೆಯಲ್ಲಿ ಸುಟ್ಟಾಯಿತು. ಜಪಾನಿನ ರೇಷ್ಮೆ ಬರುತ್ತಿಲ್ಲ, ಈ ಸಲ ಗೂಡಿಗೆ ಬೆಲೆ ಎಂದು ಎಲ್ಲರೂ ಆಸೆಪಟ್ಟಿದ್ದರು. ಎಲ್ಲ ಬರೀ ಹೊಗೆ. ಈ ರೋಗ ಹೆಂಗ್ ಬತ್ತದೆ ಸ್ವಾಮಿ ಎಂದು ಯಾರೋ ಸುಮ್ಮನೆ ಕೇಳಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತೇನೆ.

ನಿನ್ನೆ ಮಾಲೂರಿಗೆ ಹೋಗಿ ಕೋದಂಡರಾಮಪ್ಪನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಊಟ ಹಾಕಿಸಿದ. ಆಮೇಲೆ ತಾನೇ ಕೂತು ಡ್ರಾಫ್ಟು ಬರೆದುಕೊಟ್ಟ — ಅತಿಯಾದ ಚಳಿ ಹಾಗೂ ಮಂಜಿನ ಕಾರಣ ರೋಗ ಹರಡಿರುತ್ತದೆ. ಹರಡಿರುತ್ತದೆ ಅಂತ ಬರೆದರೆ ಯಾರು ಹರಡಿದರು ಅಂತ ಯಾರೂ ಕೇಳುವುದಿಲ್ಲ ಎಂದ. ನನ್ನ ಒಳ್ಳೆಯದಕ್ಕೇ ಹೇಳಿದ, ಅದರಲ್ಲಿ ಸಂಶಯವಿಲ್ಲ. ಇನ್ನು ನನ್ನ ರುಜು ಒಂದೇ ಬಾಕಿ.

ಇವತ್ತು ಬರುವಾಗ ಕೋಲಾರದಲ್ಲಿ ಇಳಿದು ಡ್ರಾಫ್ಟನ್ನು ಮೇಷ್ಟ್ರಿಗೆ ತೋರಿಸಿದೆ. ಓದಿ ಮಡಿಚಿ ವಾಪಸ್ಸು ಕೊಟ್ಟರು.

“ಗೂಡು ಕಳ್ಕೊಂಡೋನು ನಾನಲ್ಲ. ನನ್ನ ಹತ್ರ ಯಾಕೆ ಬಂದೆ?”

ಅಷ್ಟೇ. ಕಾಫಿಯನ್ನೂ ಕೊಡಲಿಲ್ಲ. ಎಲ್ಲ ಬಿಟ್ಟು ಇವರನ್ನು ಕೇಳಲು ಹೋದೆನಲ್ಲ ಎಂದು ದಾರಿಯುದ್ದಕ್ಕೂ ಸಿಟ್ಟು.

10 ಡಿಸೆಂಬರ್, ಬುಧವಾರ

ಮೂರು ದಿನ ಆ ಸಿಟ್ಟು ಇಳಿಯಲಿಲ್ಲ. ಇಳಿದ ಮೇಲೆ ರಾಮಲಕ್ಷ್ಮಮ್ಮನ ಮನೆಗೆ ಹೋದೆ. ಅವರ ಹುಳು ಹಣ್ಣಾಗಿ ಬಿದಿರು ತಟ್ಟಿಯ ಚಂದ್ರಿಕೆಯ ಮೇಲೆ ಗೂಡು ಕಟ್ಟುತ್ತಿವೆ. ಬೀದಿಗೆಲ್ಲ ಅದೊಂದೇ ಮನೆ ಈ ಸಲ ಪೂರ್ತಿ ಉಳಿದದ್ದು. ನಾನು ಬೀದಿಯಲ್ಲಿ, ಅವರು ಹೊಸ್ತಿಲಲ್ಲಿ. ಕರ್ಚೀಫಿನ ವಿಷಯ ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಈ ಊರಿನಲ್ಲಿ ಅದೇ ಮೊದಲು. ಅವರಿಗೇನೂ ಆಶ್ಚರ್ಯವಾಗಲಿಲ್ಲ. ಅವತ್ತೇ ನೋಡಿ ಬಾಗಿಲು ಹಾಕಿಕೊಂಡದ್ದು ಅದಕ್ಕೇ. ಮಾರನೆಯ ದಿನ ನಾಲ್ಕಾರು ಮನೆಯವರಿಗೆ ಹೇಳಿದರಂತೆ. ಓದಿದ ಹುಡುಗನಿಗಿಂತ ನಿನಗೆ ಗೊತ್ತಾ ಎಂದು ಗಂಗುಲಪ್ಪ ನಕ್ಕನಂತೆ.

ಡ್ರಾಫ್ಟು ಓದಿ ಹೇಳಿದೆ. ರುಜು ಹಾಕಲೋ ಬೇಡವೋ ಎಂದು ಕೇಳಿದೆ. ನನ್ನನ್ನು ಕಂಡರಾಗದ ಮುದುಕಿಯನ್ನು, ನನ್ನ ಹೊಟ್ಟೆಪಾಡಿನ ವಿಷಯ. ಎಲೆ ಅಡಿಕೆ ಉಗಿದು ಬಂದರು.

“ಕಾಗದ ಆಮೇಲೆ ನಾಯ್ನಾ. ಮೊದ್ಲು ಗಂಗುಲಪ್ಪನ ಜಗಲಿ ಮುಂದೆ ನಿಂತ್ಕೊಂಡು ಹೇಳು. ನಿಂದು ಮಾತಿನ ಕೆಲ್ಸ. ಹಿಂಗ್ ಸಾಕಿ, ಹಂಗ್ ಸಾಕಿ ಅಂತ ಹೇಳೋ ಕೆಲ್ಸ. ನಿನ್ ಮಾತೇ ಯಾರೂ ನಂಬ್ದಿದ್ರೆ, ಖಾಯಂ ಮಾಡ್ಕೊಂಡು ಏನ್ ಮಾಡ್ತೀಯಾ?”

ಹೊಡೆಯುತ್ತಾರೇನೋ ಎಂದೆ. ಹೊಡೆದರೂ ಹೊಡೆಯಬಹುದು ಎಂದರು. ಸಮಾಧಾನ ಹೇಳುವ ಪೈಕಿ ಅಲ್ಲ.

11 ಡಿಸೆಂಬರ್, ಗುರುವಾರ

ಹೇಳಿದೆ.

ಗಂಗುಲಪ್ಪನ ಜಗಲಿ. ಮುನಿಶಾಮಿಯೂ ಇದ್ದ, ಉಳಿದವರೂ ಇದ್ದರು. ನಡುವೆ ಮಾತು ನಿಂತುಹೋಯಿತು, ಮತ್ತೆ ಮೊದಲಿನಿಂದ ಹೇಳಿದೆ. ನನ್ನಿಂದಲೇ ಬಂತು, ಓದಿ ತಿಳಿದಿದ್ದೂ ಮಾಡಿದೆ, ತಪ್ಪಾಯಿತು ಎಂದೆ. ಗಂಗುಲಪ್ಪ ಎದ್ದು ಒಳಗೆ ಹೋದ. ದೊಣ್ಣೆ ತರುತ್ತಾನೆ ಎಂದುಕೊಂಡೆ. ತಂದದ್ದು ಕಾಗದ.

ಸಾಹೇಬರಿಗೆ ಬರೆದ ಅರ್ಜಿ! ಹನ್ನೊಂದು ಮನೆಯವರ ಹೆಬ್ಬೆಟ್ಟು. ತಾರೀಖು, ಯಾವ ಮನೆ ಆದ ಮೇಲೆ ಯಾವ ಮನೆ, ಕರ್ಚೀಫಿನ ಅಂಚಿನ ಬಣ್ಣ, ಒಂದೂ ಬಿಟ್ಟಿಲ್ಲ. ರೋಗ ಕಾಣಿಸಿದ ನಾಲ್ಕೇ ದಿನಕ್ಕೆ ಎಲ್ಲರಿಗೂ ತಿಳಿದಿತ್ತು.

“ಅಂಚೆಗೆ ಹಾಕೋಕೆ ಹೊರಟಿದ್ದೆ. ರಾಮಲಕ್ಷ್ಮಮ್ಮ ಬಿಡ್ಲಿಲ್ಲ. ಸಾಹೇಬ್ರು ಬರೋಗಂಟ ತಡಿ, ಹುಡುಗ ಬಾಯಿ ಬಿಡ್ತಾನೋ ಏನೋ ನೋಡಾನ ಅಂತು” ಎಂದ ಗಂಗುಲಪ್ಪ.

ನಿನ್ನೆ ಅಷ್ಟು ಹೊತ್ತು ಮಾತಾಡಿದರೂ ಆಕೆ ಅರ್ಜಿಯ ಸುದ್ದಿ ಎತ್ತಿರಲಿಲ್ಲ. ಎತ್ತಿದ್ದರೆ ನಾನು ಹೆದರಿ ಹೇಳಿದ ಹಾಗಾಗುತ್ತಿತ್ತು. ಕೈ ಮುಗಿಯಬೇಕು ಅಂಥವರಿಗೆ.

ಗಂಗುಲಪ್ಪ ಅರ್ಜಿ ಹರಿಯಲಿಲ್ಲ. ನೀವೇ ತಗೊಂಡ್ಹೋಗಿ, ನಿಮ್ಮ ಕಾಗದದ ಜೊತೆ ಇಡಿ ಎಂದು ಕೈಗೆ ಕೊಟ್ಟ. ಇಟ್ಟೆ. ಕೋದಂಡರಾಮಪ್ಪನ ಡ್ರಾಫ್ಟನ್ನು ಪಕ್ಕಕ್ಕೆ ಸರಿಸಿ ಹೊಸದಾಗಿ ಬರೆದೆ. “ನಾನು” ಎಂದು ಶುರು ಮಾಡಿದೆ.

13 ಡಿಸೆಂಬರ್, ಶನಿವಾರ

ಇನ್ಸ್‌ಪೆಕ್ಟರ್ ಸಾಹೇಬರು ಎರಡನ್ನೂ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಎರಡು ಕಾಗದ್ವೂ ಒಂದೇ ಮಾತು ಹೇಳ್ತಿವೆಯಲ್ರೀ. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇದೇ ಮೊದ್ಲು.”

ಆಮೇಲೆ ಬೈದರು, ಅರ್ಧ ಗಂಟೆ. ಓದಿದ ಕತ್ತೆ ಎಂದರು. ಪ್ರೊಬೇಷನ್ ಇನ್ನೂ ಆರು ತಿಂಗಳು. ಹನ್ನೆರಡು ಮನೆಗೂ ನಾನೇ ನಿಂತು ಗಂಧಕದ ಹೊಗೆ ಹಾಕಿಸಬೇಕು. ಜನವರಿಗೆ ಹೊಸ ಮೊಟ್ಟೆ ಕೊಡಿಸುತ್ತಾರೆ. ಹೊರಡುವಾಗ, ಚಳಿ ಮಂಜು ಅಂತ ಬರೆದಿದ್ದರೆ ಅರ್ಜಿ ಓದಿದ ಗಳಿಗೆಯಲ್ಲೇ ಮನೆಗೆ ಕಳಿಸುತ್ತಿದ್ದೆ ಎಂದರು.

ಹೋದ ಜೀವ ಬಂತು. ಹದಿನೈದು ದಿನದ ಮೇಲೆ ಇವತ್ತು ಎರಡು ಮುದ್ದೆ ಉಂಡೆ. ಅಮ್ಮನಿಗೆ ಕಾಗದ ಹಾಕಬೇಕು, ಬೈಸಿಕೊಂಡದ್ದು ಬಿಟ್ಟು.

22 ಡಿಸೆಂಬರ್, ಸೋಮವಾರ

ಹೊಗೆ ಮುಗಿಯಿತು. ಕಣ್ಣು ಕೆಂಡ. ಗಂಧಕ ಹೊತ್ತಿಸಲು ಡ್ರಾಫ್ಟು ಉಪಯೋಗಕ್ಕೆ ಬಂತು. ಮನೆಯವರು ಬಾಗಿಲು ತೆಗೆಯುತ್ತಾರೆ, ತಟ್ಟೆ ಹೊರಗಿಡುತ್ತಾರೆ, ಮಾತಿಲ್ಲ. ಇರಲಿ, ಸಂಪಾದಿಸಿದ್ದು ನಾನೇ. ಸಂಜೆ ಸಂಜೆ ರಾಮಲಕ್ಷ್ಮಮ್ಮನ ಮುಂಬಾಗಿಲಲ್ಲಿ ಕೂತು ಅವರು ಹುಳು ಸಾಕುವ ಬಗೆ ಕೇಳುತ್ತೇನೆ, ಬರೆದುಕೊಳ್ಳುತ್ತೇನೆ. ಒಂದು ನೋಟ್‌ಬುಕ್ಕು ತುಂಬುತ್ತಾ ಬಂತು. ಆಕೆಗೆ ನನ್ನ ಮೇಲೆ ಪ್ರೀತಿ ಏನೂ ಬಂದಿಲ್ಲ. ಮೇಷ್ಟ್ರಿಗೆ ಎಲ್ಲ ಬರೆದೆ. ಒಂದು ಕಾರ್ಡು ಬಂತು — ಬಾ, ಕಾಫಿ ಕೊಡುತ್ತೇನೆ.

12 ಫೆಬ್ರವರಿ 1942, ಗುರುವಾರ, ಬೆಳಿಗ್ಗೆ

ಬರೆಯದೆ ಎಷ್ಟು ದಿನವಾಯಿತು! ಹೊಸ ಹುಳು ಮೂರು ಜ್ವರ ದಾಟಿವೆ, ಮೂರು ಸಲ ಸೊಪ್ಪು ಬಿಟ್ಟು ಮಲಗಿ ಪೊರೆ ಕಳಚಿ ಎದ್ದಿವೆ. ಎಲ್ಲೂ ಬಿಳಿ ಇಲ್ಲ. ಬೀದಿಯಲ್ಲಿ ಹಾಯುವಾಗ ನಮಸ್ಕಾರ ಮಾಡುತ್ತಾರೆ, ಅಷ್ಟೇ. ಡಿಸೆಂಬರಿನಿಂದ ಇಲ್ಲಿಯವರೆಗೆ ಒಬ್ಬರೂ ನನ್ನನ್ನು ಒಂದು ಮಾತು ಕೇಳಿಲ್ಲ. ಡೆಮಾನ್ಸ್ಟ್ರೇಟರಿಗೆ ಅದಕ್ಕಿಂತ ಶಿಕ್ಷೆ ಬೇರೆ ಬೇಕೇ.

ಈಗ ತಾನೇ ಗಂಗುಲಪ್ಪ ಬಂದ. ಕಿಟಕಿಯ ಹತ್ತಿರ ನಿಂತ, ಹಿತ್ತಲು ನೋಡಿದ, ಬಿಸಿಲಿನ ಮಾತಾಡಿದ. ಕೊನೆಗೆ ಕೇಳಿದ, “ಅರ್ಧ ಹುಳು ಜ್ವರಕ್ಕೆ ಕೂತವೆ ಸ್ವಾಮಿ, ಅರ್ಧ ಇನ್ನೂ ತಿಂತಾವೆ. ಸೊಪ್ಪು ಹಾಕ್ಲಾ, ಬೇಡ್ವಾ?”

ಕೇಳಿದ. ನನ್ನನ್ನು ಕೇಳಿದ. ಕಣ್ಣು ತುಂಬಿಕೊಂಡು ಬಂತು, ಗೂಟದಲ್ಲಿದ್ದ ಅಂಗಿ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದೆ. ಪುಸ್ತಕದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ತಡೆದುಕೊಂಡೆ. ಪುಸ್ತಕದಲ್ಲಿ ಒಂದು ಥರ ಇದೆ, ರಾಮಲಕ್ಷ್ಮಮ್ಮನವರನ್ನೂ ಒಂದು ಮಾತು ಕೇಳಿ ಬಂದು ಹೇಳುತ್ತೇನೆ ಎಂದೆ. ಗಂಗುಲಪ್ಪ ತಲೆ ಕೆರೆದುಕೊಂಡ. “ನಡೀರಿ, ನಾನೂ ಬತ್ತೀನಿ” ಎಂದ.

ಎರಡು ಸಾಲು ಬರೆದು ಬರುತ್ತೇನೆ ಎಂದರೆ ಹೊರಗೆ ನಿಂತು ಕೂಗುತ್ತಿದ್ದಾನೆ, ಹುಳು ಕಾಯುವುದಿಲ್ಲವಂತೆ, ನಾನು ಬೇಗ —