ಭಾನುವಾರದ ಆರುನೂರ ಹನ್ನೊಂದು

ಮಾರ್ಚ್ ೯, ಭಾನುವಾರ

ಕನ್ನಡಕದ ಪುಟ್ಟಿಗೆ ದೊಡ್ಡಜ್ಜಿಯ ಮುದ್ದು,

ನಿನ್ನ ಕೆಮ್ಮು ಹೋಯಿತೇ? ನಿಮ್ಮಮ್ಮನ ಸೊಂಟನೋವು ಹೇಗಿದೆ? ಪೋಸ್ಟರ್ ತಾತ ಈಗಲೂ ಏಣಿ ಹತ್ತುತ್ತೇನೆಂದು ಹಟ ಮಾಡುತ್ತಾರೆಯೇ? ನಿಮ್ಮಜ್ಜಿ, ನನ್ನ ತಂಗಿ ಚೂಟಿ, ಸರಿಯಾಗಿ ಊಟ ಮಾಡುತ್ತಾಳೆಯೇ? ಅವಳನ್ನು ಕೊನೆಗೆ ಕೇಳಿದೆನೆಂದು ತಪ್ಪು ತಿಳಿಯಬೇಡ. ಬರೆಯಲು ಕೂತಾಗ ಮೊದಲು ನೆನಪಾದವಳು ಅವಳೇ.

ಪತ್ರಿಕೆಗೆಂದು ನೀನು ಹಳೆಯ, ಹೊಸ ಚಿತ್ರಗಳನ್ನು ಹೋಲಿಸಿ ಮಾಡಿದ ಪಟ್ಟಿ ನೋಡಿದೆ. ಈ ವರ್ಷದ ದೊಡ್ಡ ಚಿತ್ರಕ್ಕೆ ಹತ್ತು ದಿನದಲ್ಲಿ ನಲವತ್ತು ಲಕ್ಷ ಟಿಕೆಟ್. ನಮ್ಮ ಕಾಲದ್ದು ನಮ್ಮ ಟಾಕೀಸೊಂದರಲ್ಲೇ ಇಪ್ಪತ್ತೈದು ವಾರ. ದುಡ್ಡು ಬಿಟ್ಟು ಟಿಕೆಟ್ ಎಣಿಸಿದ್ದು ಜಾಣತನ. ಆದರೂ ತಕ್ಕಡಿ ಸರಿಯಾಗಿ ನಿಂತಿಲ್ಲ, ಮರಿ. ಈಗ ಒಬ್ಬ ಬೆರಳೊತ್ತಿದರೆ ಆರು ಟಿಕೆಟ್. ಆಗ ನಾನು ಟಿಕೆಟ್ ಕೊಡಲು ಕೂರುತ್ತಿದ್ದ ಕಿಟಕಿಯ ಕಂಡಿಯಲ್ಲಿ ಒಂದೊಂದೇ ಕೈ ಬರುತ್ತಿತ್ತು. ಮುಖ ಕಾಣುತ್ತಿರಲಿಲ್ಲ, ಕೈ ನೋಡಿಯೇ ಗುರುತು ಹಿಡಿಯುತ್ತಿದ್ದೆ. ಸೂಜಿ ಚುಚ್ಚಿದ ಬೆರಳಿನ ಟೈಲರ್ ಆ ಚಿತ್ರವನ್ನು ಮೂವತ್ತೊಂದು ಸಲ ನೋಡಿದ. ಅವನನ್ನು ಒಬ್ಬನೆಂದು ಬರೆಯುತ್ತೀಯೋ, ಮೂವತ್ತೊಂದು ಜನರೆಂದೋ? ಅವನ ಹೆಂಡತಿಯನ್ನು ಕೇಳಿದ್ದರೆ, ಒಬ್ಬ ಎಂದರೂ ಜಾಸ್ತಿಯಾಯಿತು ಎನ್ನುತ್ತಿದ್ದಳು.

ಇನ್ನು ನೀನು ಕೇಳಿದ್ದು. ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಬಂದು ಒಯ್ದೆಯಲ್ಲ, ಟಾಕೀಸಿನ ಆ ಹಳೆಯ ಲೆಕ್ಕದ ಪುಸ್ತಕದಲ್ಲಿ ಭಾನುವಾರದ ಮ್ಯಾಟಿನಿಗೆ ಮಾತ್ರ ಆರುನೂರ ಹನ್ನೊಂದು ಟಿಕೆಟ್ ಎಂದಿದೆ. ಟಾಕೀಸಿನಲ್ಲಿ ಇದ್ದದ್ದು ಆರುನೂರ ಹನ್ನೆರಡು ಕುರ್ಚಿ, ಹೊರಗೆ ಹೌಸ್‌ಫುಲ್ ಬೋರ್ಡು. ಒಂದು ಕುರ್ಚಿ ಮುರಿದಿತ್ತೇ ಎಂದು ಕೇಳಿದ್ದೀಯ. ಮ್ಯಾನೇಜರಿಗೆ ನಾನೂ ಹಾಗೇ ಹೇಳಿದ್ದೆ. ಕುರ್ಚಿ ಗಟ್ಟಿಮುಟ್ಟಾಗಿತ್ತು.

ಅಪ್ಪ ಅಮ್ಮ ಹೋದ ಮೇಲೆ ಚೂಟಿಯನ್ನು ಸಾಕಿದವಳು ನಾನೆಂಬ ಸೊಕ್ಕು ನನಗೆ. ಅವಳು ನಿಮ್ಮ ತಾತನನ್ನು ಮದುವೆಯಾಗುತ್ತೇನೆಂದಾಗ, ಗೋಡೆಗೆ ಅಂಟು ಬಳಿಯುವವನ ಹಿಂದೆ ಹೋದರೆ ಮತ್ತೆ ಈ ಬಾಗಿಲಿಗೆ ಬರಬೇಡ ಎಂದೆ. ಚಪ್ಪಲಿ ಮೆಟ್ಟುತ್ತಲೇ ಉತ್ತರ ಕೊಟ್ಟಳು: “ಬಾಗಿಲಿಗೆ ಬರಲ್ಲ ಬಿಡಕ್ಕ. ಬಂದ್ರೆ ನಿನ್ನ ಕಿಟಕಿಗೇ ಬರ್ತೀನಿ, ಎಲ್ಲರ ಹಾಗೆ ದುಡ್ಡು ಕೊಟ್ಟು.”

ಅವಳು ಆಡಿದ ಮಾತು ಬಿಡುವವಳಲ್ಲ. ಭಾನುವಾರದ ಮ್ಯಾಟಿನಿಯೆಂದರೆ ಜೀವ. ಅದಕ್ಕೇ ಫ್ಯಾನಿನ ಕೆಳಗಿನ ಅವಳ ಕುರ್ಚಿಯ ಟಿಕೆಟನ್ನು ನೀರಿನ ಲೋಟದಡಿ ಇಟ್ಟುಕೊಂಡು, ಹೆಬ್ಬೆರಳಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆಯಿದ್ದ ಕೈಗಾಗಿ ಕಾಯುತ್ತಿದ್ದೆ. ಬೇರೆ ಚಿತ್ರಗಳಿಗೆ ಎತ್ತಿಡುವ ಪ್ರಮೇಯವೇ ಇರಲಿಲ್ಲ, ಅರ್ಧ ಟಾಕೀಸು ಖಾಲಿ. ಈ ಹಾಳು ಚಿತ್ರ ಗೆದ್ದ ಮೇಲೆ ಎತ್ತಿಡಬೇಕಾಯಿತು.

ಹದಿನೇಳನೆಯ ವಾರ ಮಾತ್ರ ಪೂರ್ತಿ ಆರುನೂರ ಹನ್ನೆರಡಿದೆ, ಆಗ ರಿಪೇರಿಯಾಗಿತ್ತೇ ಎಂದೂ ಕೇಳಿದ್ದೀಯ. ಅದೇಕೋ ನೆನಪಾಗುತ್ತಿಲ್ಲ. ಉಳಿದ ಇಪ್ಪತ್ತನಾಲ್ಕನ್ನು ನಿನ್ನ ಮೊತ್ತಕ್ಕೆ ಸೇರಿಸಬೇಡ. ಮಾರದ ಟಿಕೆಟ್ ಮಾರಿದ್ದಾಗದು. ಆದರೆ ಆ ಕುರ್ಚಿ ಖಾಲಿಯಿತ್ತೆಂದೂ ಬರೆಯಬೇಡ.

ನನ್ನನ್ನು ಕಂಡದ್ದನ್ನು ಅವಳಿಗೆ ಇನ್ನೂ ಹೇಳಿಲ್ಲವೆಂದು ಬರೆದಿದ್ದೀಯ. ಈಗ ಹೇಳು. ನಾನಿರುವ ಈ ಕೋಣೆಗೂ ರಸ್ತೆಯ ಕಡೆಗೆ ಒಂದು ಕಿಟಕಿಯಿದೆ. ಬಾಗಿಲಿಗೆ ಬಾರದಿದ್ದರೆ ಬೇಡ, ಅಲ್ಲಿಗೆ ಬಂದರೂ ಸಾಕು.

ಇಂತಿ,
ನಿನ್ನ ಟಿಕೆಟ್ ದೊಡ್ಡಜ್ಜಿ

ಮರೆತದ್ದು: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದೆ. ನೆನಪಿಲ್ಲ ಎಂದದ್ದು ಸುಳ್ಳು. ಚೂಟಿಗೆ ಹೆಣ್ಣುಮಗುವಾಗಿ ಎರಡು ತಿಂಗಳಾಯಿತೆಂದು ಆ ವಾರ ಯಾರದೋ ಬಾಯಲ್ಲಿ ಕೇಳಿದೆ. ನನಗೊಂದು ಮಾತು ಹೇಳಲಿಲ್ಲವಲ್ಲ ಎಂಬ ಸಿಟ್ಟಿಗೆ ಅವಳ ಟಿಕೆಟನ್ನು ಸಾಲಿನ ಕೊನೆಯ ಕೈಗೆ ಕೊಟ್ಟು ಕಿಟಕಿ ಮುಚ್ಚಿದೆ. ಸಂಜೆ ಗೇಟಿನವನು ಹೇಳಿದ: “ನಿಮ್ಮದೇ ಮೂಗಿನವಳೊಬ್ಬಳು ಬಂದಿದ್ಲು ಅಕ್ಕ, ಕೂಸು ಎತ್ಕೊಂಡು. ಚಿಲ್ಲರೆ ಮುಷ್ಟೀಲೇ ಇತ್ತು. ಹೌಸ್‌ಫುಲ್ ಅಂದೆ. ಬೋರ್ಡು ನೋಡ್ತಾ ಸುಮಾರು ಹೊತ್ತು ನಿಂತಿದ್ಲು.” ಆ ಕೂಸು ನಿಮ್ಮಮ್ಮ. ಆಮೇಲೆ ಎಂಟು ಭಾನುವಾರ ಟಿಕೆಟ್ ಎತ್ತಿಟ್ಟೆ, ಅವಳು ಬರಲಿಲ್ಲ. ಇದನ್ನೂ ಅವಳಿಗೆ ಓದಿ ಹೇಳು ಪುಟ್ಟಿ. ಏನಂದಳೆಂದು ಬೇಗ ಬರೆ. ಏನೂ ಅನ್ನದಿದ್ದರೂ ಬರೆ.