ತೋಳಿನ ಪಾಠ ನಿಂತ ಜಾಗ

ಮಂಗಳವಾರ, ೧೪ನೇ ತಾರೀಖು
ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಮಾತು ಕಮ್ಮಿ ಅಂತ ನೀನೇ ಹೆಸರಿಟ್ಟ ನಿನ್ನ ಮೂಗಿ ಮಾಡುವ ನಮಸ್ಕಾರ. ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನೂ ನಿನ್ನ ಹೊಲಿಗೆ ಮಿಷನ್ನೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಇಷ್ಟು ದಿನ ಫೋನೂ ಇಲ್ಲ, ಸುದ್ದಿಯೂ ಇಲ್ಲ ಅಂತ ನಿನಗೆ ಸಿಟ್ಟು ಬಂದಿರಬಹುದು. ಬಂದಿದ್ದರೆ ನ್ಯಾಯವೇ. ನಾಲ್ಕನೇ ಕ್ಲಾಸಿನ ಅಕ್ಷರ ನನ್ನದು, ಸೊಟ್ಟಗಿದ್ದರೆ ನಗಬೇಡ. ಫೋನು ಇಟ್ಟುಕೊಂಡು ಕಾಗದ ಯಾಕೆ ಅಂತ ಕೇಳುತ್ತೀಯ, ಹೇಳುತ್ತೇನೆ.

ಇವರ ಅಣ್ಣ, ನಮ್ಮ ಭಾವ, ಟಿವಿ ರಿಪೇರಿ ಅಂಗಡಿ ಇಟ್ಟಿರುವುದು ನಿನಗೆ ಗೊತ್ತಲ್ಲ. ಹಾಗಾಗಿ ಈ ಮನೆಯಲ್ಲಿ ನಾಲ್ಕು ಟಿವಿ. ಹಾಲಿನದು ಮಾವನದು, ಅಡುಗೆಮನೆಯದು ಅತ್ತೆಯದು, ಭಾವನ ಕೋಣೆಯಲ್ಲೊಂದು, ನಮ್ಮ ಕೋಣೆಯಲ್ಲೊಂದು. ಪ್ರತಿಯೊಂದರ ಕೆಳಗೂ ಸೋಪಿನ ಡಬ್ಬಿಯಷ್ಟು ಕರಿಯ ಪೆಟ್ಟಿಗೆ. ಸಿನಿಮಾ, ಹಾಡು, ನಮ್ಮ ಫೋನಿನ ಫೋಟೋ, ವಿಡಿಯೋ ಎಲ್ಲ ಅದರೊಳಗೆ. ಮೊದಲು ಅವರವರ ಪೆಟ್ಟಿಗೆ ಅವರವರ ಪಾಡಿಗಿತ್ತು. ಈಗ ಭಾವ ನಾಲ್ಕನ್ನೂ, ಜೊತೆಗೆ ನಮ್ಮ ಫೋನುಗಳನ್ನೂ, ಒಂದಕ್ಕೊಂದು ಜೋಡಿಸಿದ್ದಾರೆ. ಒಂದರಲ್ಲಿ ತುಂಬಿಸಿದ್ದು ನಾಲ್ಕರ ಪಟ್ಟಿಯಲ್ಲೂ ಸಿಗುತ್ತದೆ. ಒಂದರಲ್ಲಿ ಅರ್ಧಕ್ಕೆ ನಿಲ್ಲಿಸಿದ ಸಿನಿಮಾ ಇನ್ನೊಂದರಲ್ಲಿ ಅಲ್ಲಿಂದಲೇ ಶುರುವಾಗುತ್ತದೆ.

"ಒಂದೇ ಮನೆ ಅಂದ್ಮೇಲೆ ಎಲ್ಲಾ ಒಂದೇ ಥರ ಇರ್ಬೇಕಪ್ಪ," ಅಂದರು ಭಾವ.

ಸದ್ದೂ ಒಂದೇ ಥರ. ಅತ್ತೆ ಅಡುಗೆಮನೆಯಲ್ಲಿ ತಗ್ಗಿಸಿದರೆ ಹಾಲಿನಲ್ಲೂ ತಗ್ಗುತ್ತದೆ. ಮಾವನಿಗೆ ಕಿವಿ ಮಂದ. ಅವರು ಏರಿಸಿದರೆ ಅಡುಗೆಮನೆಯಲ್ಲಿ ತಟ್ಟೆ ಲೋಟ ನಡುಗುತ್ತವೆ.

"ಈ ಕಿವುಡರ ಸಹವಾಸದಲ್ಲಿ ನನ್ನ ಕಿವೀನೂ ಹೋಯ್ತು," ಅಂತ ಅತ್ತೆ ಕೂಗಿದರೆ ಮಾವ ಹಾಲಿನಿಂದಲೇ, "ಮದುವೆಯಾದಾಗಿಂದ ಹುಡುಕ್ತಿದೀನಿ ಕಣೇ, ನಿನ್ನ ಸದ್ದು ತಗ್ಗಿಸೋ ಗುಂಡಿ ಒಂದು ಸಿಗ್ಲೇ ಇಲ್ಲ," ಅನ್ನುತ್ತಾರೆ.

ಒಂದು ಸಲ ಮಾವ ಏನೋ ಒತ್ತಿ ಟಿವಿಯ ಬರಹದ ಭಾಷೆಯನ್ನೇ ಬದಲಿಸಿಬಿಟ್ಟರು. ನಾಲ್ಕರಲ್ಲೂ ಇರುವೆ ಸಾಲಿನಂಥ ಅಕ್ಷರ. ಭಾವ ಊರಲ್ಲಿರಲಿಲ್ಲ. ಅವರು ಬರುವವರೆಗೆ ಮನೆಯವರೆಲ್ಲ ಟಿವಿ ಮುಂದೆ ನನ್ನ ಹಾಗೆ ಪಿಳಿಪಿಳಿ ನೋಡುತ್ತಾ ಕೂತಿದ್ದರು. ನನಗೆ ಒಳಗೊಳಗೇ ಖುಷಿ.

ಆದರೆ ಅಕ್ಕ, ನಾನು ನೋಡಿದ್ದೂ ಎಲ್ಲರಿಗೂ ಕಾಣಿಸುತ್ತದೆ. ಯಾವುದೋ ಹಾಡನ್ನು ನಾಲ್ಕಾರು ಸಲ ಕೇಳಿದ್ದೆ. ಊಟಕ್ಕೆ ಕೂತಾಗ ಅತ್ತೆ, "ಏನಮ್ಮ, ಬರೀ ದುಃಖದ ಹಾಡು ಹಾಕ್ಕೊಂಡಿದ್ದೀಯ? ಇವನೇನಾದ್ರೂ ಅಂದ್ನಾ?" ಅಂದರು.

"ಇಲ್ಲ ಅತ್ತೆ."

"ಮತ್ತೆ? ನಗೋ ಅಂಥದ್ದು ಏನಾದ್ರೂ ನೋಡು."

ಈಗ ಕೋಣೆಗೆ ಹೋದರೆ ನಗಿಸುವ ಸಿನಿಮಾ ಹಾಕಿ ಗೋಡೆ ನೋಡುತ್ತಾ ಕೂರುತ್ತೇನೆ. ಯಾರೂ ಬೈಯುವುದಿಲ್ಲ. ಬೈದರೆ ಮೂಲೆಗೆ ಹೋಗಿ ಅಳಬಹುದಿತ್ತು. ಇಲ್ಲಿ ಮೂಲೆಯೇ ಇಲ್ಲ. ನಿನಗೆ ಫೋನು ಮಾಡಿದರೆ ನಿನ್ನ ಹೆಸರು ಹಾಲಿನ ಟಿವಿಯ ಮೇಲೆ ಮೂಡುತ್ತದೆ. "ಅಕ್ಕನಾ? ಏನಂತೆ?" ಅನ್ನುತ್ತಾರೆ ಮಾವ. ಪ್ರೀತಿಯಿಂದಲೇ ಕೇಳುತ್ತಾರೆ. ಅದಕ್ಕೇ ಫೋನು ಬಿಟ್ಟೆ. ಕಾಗದವನ್ನು ಮಾತ್ರ ಭಾವ ಇನ್ನೂ ಯಾವುದಕ್ಕೂ ಜೋಡಿಸಿಲ್ಲ.

ನೀನು ಹೊಲಿಗೆ ಪಾಠದ ವಿಡಿಯೋ ಕಳಿಸುತ್ತಿದ್ದೆಯಲ್ಲ, ಅವೂ ಫೋನಿನಿಂದ ಪೆಟ್ಟಿಗೆಗೆ ಹೋದವು. "ದೊಡ್ಡದಾಗಿ ನೋಡು, ಕಣ್ಣು ನೋಯಲ್ಲ," ಅಂದರು ಇವರು. ಮಧ್ಯಾಹ್ನ ಎಲ್ಲರೂ ಮಲಗಿದಾಗ ನೋಡುತ್ತಿದ್ದೆ. ಹಳೆಯ ಪರದೆ ಬಟ್ಟೆಯಲ್ಲಿ ಕೈಹೊಲಿಗೆ ಹಾಕಿ ಹಾಕಿ ಅಭ್ಯಾಸ ಮಾಡುತ್ತಿದ್ದೆ. ಕಾಲರ್ ಬಂತು, ಗುಂಡಿ ಹಾಕುವ ಕಾಜ ಬಂತು. ತೋಳು ಕೂರಿಸುವ ಪಾಠದ ಹತ್ತಿರ ನಿಂತುಬಿಟ್ಟೆ. ಕಷ್ಟವಾಗಿ ಅಲ್ಲ. ಅದರ ಕೊನೆಯಲ್ಲಿ ನೀನು ಬಟ್ಟೆ ಮಡಚುತ್ತಾ ನನಗೊಂದು ಮಾತು ಹೇಳಿದ್ದೆಯಲ್ಲ, ಅದಕ್ಕೆ. ಕೇಳಿ, ಮತ್ತೆ ಅದು ಶುರುವಾಗುವ ಜಾಗಕ್ಕೆ ಹಿಂದೆ ತಂದು ನಿಲ್ಲಿಸಿಡುತ್ತಿದ್ದೆ, ಮರುದಿನಕ್ಕೆ ಸುಲಭವಾಗಲಿ ಅಂತ. ನಿಂತಲ್ಲಿಂದ ಶುರುವಾಗುವುದು ಸಿನಿಮಾಕ್ಕೆ ಮಾತ್ರ, ಮನೆಯ ವಿಡಿಯೋಗಳಿಗಿಲ್ಲ ಅಂದುಕೊಂಡಿದ್ದೆ.

ಕಳೆದ ಭಾನುವಾರ ಭಾವ ಅಂಗಡಿಯ ಗಿರಾಕಿಗಳನ್ನು, ಗಂಡ ಹೆಂಡತಿಯನ್ನು, ಮನೆಗೇ ಕರೆತಂದರು, ಜೋಡಣೆ ತೋರಿಸಲು. ನಾನು ನೀರು ಹಿಡಿದು ನಿಂತಿದ್ದೆ. "ಇದು ನೋಡಿ, ನಮ್ಮ ತಮ್ಮನ ರೂಮಲ್ಲಿ ಅರ್ಧಕ್ಕೆ ನಿಂತಿದೆ. ಇಲ್ಲಿ ಒತ್ತಿದ್ರೆ," ಅಂತ ಒತ್ತಿದರು.

ಹಾಲಿನ ಗೋಡೆಯಷ್ಟಗಲ ನಿನ್ನ ಕೈ ಬಂತು, ಅಕ್ಕ. ಮಾವ ಏರಿಸಿಟ್ಟ ಸದ್ದಿನಲ್ಲಿ ನಿನ್ನ ದನಿ: "ಅಲ್ಲಿ ಉಸಿರು ಕಟ್ಟಿದ್ರೆ ಬಂದ್ಬಿಡೇ ಮೂಗಿ. ಮಿಷನ್ ಪಕ್ಕ ಒಂದು ಚಾಪೆ ಹಾಸೋಷ್ಟು ಜಾಗ ಇದೆ." ಅಡುಗೆಮನೆಯಲ್ಲೂ ನೀನೇ ಹೇಳಿದ ಹಾಗೆ ನನಗೆ ಕೇಳಿಸಿತು.

ಗಿರಾಕಿಯ ಹೆಂಡತಿ ಲೋಟದೊಳಗೆ ನೋಡುತ್ತಾ ಕೂತಳು. ಭಾವ ಅವರಿಬ್ಬರನ್ನೂ ಬಾಗಿಲ ತನಕ ಕಳಿಸಿಬಂದರು. ಆಮೇಲೆ ಇವರು ಕೇಳಿದರು, "ಹೋಗ್ತೀಯಾ?" ಸಿಟ್ಟಿರಲಿಲ್ಲ. ಬಸ್ ಹತ್ತುವವರನ್ನು ಕೇಳಿದ ಹಾಗೆ ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅಕ್ಕ ತಮಾಷೆಗೆ ಹೇಳಿದ್ದು. ಅವಳ ಬಾಯೇ ಹಾಗೆ," ಅಂದೆ.

ಮೊದಲು ಅತ್ತೆ ನಕ್ಕರು. "ಅಯ್ಯೋ, ನನ್ನ ಎದೆ ಧಸಕ್ ಅಂತು ಕಣೇ. ಉಸಿರು ಕಟ್ಟೋಕೆ ನಾವೇನು ಮೂಟೇಲಿ ತುಂಬಿಟ್ಟಿದೀವಾ?" ಮಾವ, "ಏನಂತೆ? ಏನಂತೆ?" ಅಂದರು.

"ಬೇಡದ್ದೆಲ್ಲಾ ಬಂದು ಕೂತಿದೆ," ಅಂದು ಭಾವ ರಿಮೋಟ್ ತೆಗೆದುಕೊಂಡರು. ಎಲ್ಲಾ ಕಡೆಯಿಂದಲೂ ಅಳಿಸಬೇಕೇ ಅಂತ ಟಿವಿ ಕೇಳಿತು. ಭಾವ ನನ್ನನ್ನು ನೋಡಿದರು. ನಾನು ಖಾಲಿ ಲೋಟ ಎತ್ತಿಕೊಳ್ಳುತ್ತಿದ್ದೆ. ಅವರು ಹೌದು ಅಂತ ಒತ್ತಿದರು. ಕೋಣೆಗೆ ಹೋಗಿ ನೋಡಿದೆ, ಇರಲಿಲ್ಲ. ಫೋನಿನಲ್ಲೂ ಇರಲಿಲ್ಲ. ಕಾಲರ್, ಕಾಜ, ತೋಳು, ಎಲ್ಲ ಹೋಗಿದ್ದವು.

ರಾತ್ರಿ ಊಟದ ಹೊತ್ತಿಗೆ ಅತ್ತೆ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಹಾಕಿ, "ಹೊಲಿಗೆ ಕಲೀಬೇಕು ಅಂದ್ರೆ ಹಾಲಲ್ಲೇ ಕೂತು ಕಲಿಯಮ್ಮ. ಎಲ್ಲರೂ ನೋಡ್ತೀವಿ," ಅಂದರು.

ಇಷ್ಟೇ ಇಲ್ಲಿನ ಸುದ್ದಿ. ನನ್ನ ಚಿಂತೆ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕತ್ತಲಲ್ಲಿ ದಾರ ಪೋಣಿಸಬೇಡ. ನಿನ್ನ ಹತ್ತಿರ ಕಲಿಯಲು ಬರುವ ಹುಡುಗಿಯರಿಗೆ ಒಳ್ಳೆಯದಾಗಲಿ, ಅವರ ಸೂಜಿ ಮುರಿಯದಿರಲಿ. ಹಾಲು ತರಲು ಹೋದಾಗ ಈ ಕಾಗದವನ್ನು ನಾನೇ ಅಂಚೆ ಡಬ್ಬಿಗೆ ಹಾಕುತ್ತೇನೆ.

ನಿನ್ನ ಪ್ರೀತಿಯ ತಂಗಿ,
ಮೂಗಿ

ತಾ.ಕ: ನೀನು ಅದನ್ನು ತಮಾಷೆಗೆ ಹೇಳಿದ್ದಾ ಅಕ್ಕ? ಎಲ್ಲರ ಮುಂದೆ ನಾನೇ ಹಾಗೆ ಅಂದಮೇಲೆ ನನಗೂ ಗೊತ್ತಾಗುತ್ತಿಲ್ಲ. ಮಾತಿನ ಕೊನೆಗೆ ನೀನು ನಕ್ಕಿದ್ದೆಯೋ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಕ್ಕೆ ಹಾಗೆ ಕೇಳಿಸುತ್ತಿತ್ತೋ. ಹಿಂದೆ ತಂದು ಕೇಳೋಣ ಅಂದರೆ ಯಾವ ಪೆಟ್ಟಿಗೆಯಲ್ಲೂ ಇಲ್ಲ. ಅಂಚೆಯವನು ಮಧ್ಯಾಹ್ನ ಬರುತ್ತಾನೆ, ಆಗ ಬಾಗಿಲಲ್ಲಿ ನಾನೇ ಇರುತ್ತೇನೆ. ಉದ್ದ ಬರೆಯಬೇಡ. ಚಾಪೆಯ ಜಾಗ ಇದೆಯೋ ಇಲ್ಲವೋ, ಅಷ್ಟು ಬರೆ.