ಭಾರ್ಗವಿಗೆ ನಾನು ಆಡಿದ ಮಾತು

ದೊಡ್ಡ ಮೇಡಂ,

ನೀವು ರಿಟೈರಾಗಿ ಹೋಗಿ ಎರಡು ವರ್ಷವಾಯಿತು. ಇಷ್ಟು ದಿನ ಬರೆಯದವಳು ಈಗ ಬರೆಯುತ್ತಿರುವುದು ಭಯಕ್ಕೆ. ಗೌನಿಪಲ್ಲಿ ಪಕ್ಕದ ನಮ್ಮ ಎರಡು ಕೋಣೆಯ ಶಾಲೆಗೆ ನಾನು ಸೇರಿದ ಮೊದಲ ವಾರ ನೆನಪಿದೆಯಾ? ಮಕ್ಕಳ ಗದ್ದಲ ತಡೆಯಲಾರದೆ ಅಳುತ್ತಾ ನಿಮ್ಮ ಹತ್ತಿರ ಬಂದಿದ್ದೆ. "ಗಲಾಟೆ ಮಾಡೋ ಮಕ್ಕಳಿಗೆ ಹೆದರ್ಬೇಡ ಕಣಮ್ಮಾ, ಸುಮ್ನೆ ಕೂತಿರೋ ಮಗೂನ ನೋಡಿ ಹೆದ್ರು" ಎಂದಿರಿ. ಅವತ್ತು ಅರ್ಥವಾಗಿರಲಿಲ್ಲ. ನೀವು ದೊಡ್ಡ ಮೇಡಂ, ನಾನು ಚಿಕ್ಕ ಮೇಡಂ. ಈಗ ಶಾಲೆಗೆ ನಾನೊಬ್ಬಳೇ. ಆದರೂ ಊರವರ ಬಾಯಲ್ಲಿ ಇನ್ನೂ ಚಿಕ್ಕ ಮೇಡಂ.

ಈ ಜೂನ್‌ನಲ್ಲಿ ಶಾಲೆ ಶುರುವಾದ ವಾರದ ಮಾತು. ಮೂರನೇ ಕ್ಲಾಸಿನ ಭಾರ್ಗವಿಯನ್ನು ನೀವು ನೋಡಿಲ್ಲ. ಎಂಟು ವರ್ಷ, ಬಾಯಿ ತೆರೆದರೆ ಅರ್ಧ ತೆಲುಗು, ಅರ್ಧ ಕನ್ನಡ. "ಮೇಡಂ, ಈಗ ಕರೆಂಟ್ ಹೋಗುತ್ತೆ ನೋಡಿ" ಎಂದಳು. ಬಾಯಿ ಮುಚ್ಚುವಷ್ಟರಲ್ಲಿ ಫ್ಯಾನ್ ನಿಂತಿತು. "ಏನೇ ನಿಂದು, ಕರಿನಾಲಿಗೇನಾ?" ಎಂದು ನಕ್ಕೆ. ಹಾಗಂದರೇನು ಎಂದು ಮಕ್ಕಳು ಕೇಳಿದವು. ನಾನು ವಿವರಿಸಿದೆ ಮೇಡಂ! ನಾಲಿಗೆ ಮೇಲೆ ಕಪ್ಪು ಮಚ್ಚೆ ಇದ್ದವರು ಕೆಟ್ಟದ್ದು ನುಡಿದರೆ ಅದು ನಡೆದೇಬಿಡುತ್ತದಂತೆ ಎಂದೆ. ಮಕ್ಕಳು ಅವಳ ನಾಲಿಗೆ ಚಾಚಿಸಿ ನೋಡಿದರೆ, ಎಳ್ಳಿನಷ್ಟು ಒಂದು ಚುಕ್ಕೆ ಇದ್ದೇ ಇತ್ತು. ಎಲ್ಲರೂ ಹೋ ಎಂದು ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ನಾನು ಬೋರ್ಡಿನ ಕಡೆ ತಿರುಗಿ ಮಗ್ಗಿ ಬರೆಯತೊಡಗಿದೆ.

ಆ ಶನಿವಾರ ಅವಳ ಅಪ್ಪ ಮಾವಿನ ಮರದಿಂದ ಬಿದ್ದ. ಕಾಯಿ ಕೀಳುವುದೇ ಅವನ ಕೆಲಸ. ತೊಡೆಯ ಮೂಳೆ ಮುರಿದು ಕೋಲಾರದ ಆಸ್ಪತ್ರೆ ಸೇರಿದ. ತಾಯಿ ಅಲ್ಲೇ ಉಳಿದಳು, ಭಾರ್ಗವಿ ಅಜ್ಜಿಯ ಜೊತೆ. ಸೋಮವಾರ ಶಾಲೆಗೆ ಬಂದವಳು ಮಾತಾಡಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುವಳು, ಅಷ್ಟೇ. ಅಪ್ಪನ ಚಿಂತೆ, ತಾನಾಗಿ ಸರಿಹೋಗುತ್ತದೆ ಅಂದುಕೊಂಡೆ. ನಿಜ ಹೇಳಲೇ? ಕ್ಲಾಸು ಶಾಂತವಾಯಿತೆಂದು ಒಳಗೊಳಗೇ ಹಾಯೆನಿಸಿತ್ತು. ಹತ್ತು ದಿನ ಹೀಗೇ ಕಳೆದ ಮೇಲೆ ಒಂದು ಬೆಳಿಗ್ಗೆ ರೇಗಿ, "ಬಾಯಿ ಬಿಡದಿದ್ರೆ ನಾಳೆಯಿಂದ ಬರ್ಲೇಬೇಡ" ಎಂದುಬಿಟ್ಟೆ. ನೀವಿದ್ದಿದ್ದರೆ...

ಅದೇ ದಿನ ಬಿಸಿಯೂಟ ಮುಗಿದ ಮೇಲೆ ಎಣಿಸಿದರೆ ಒಂದು ತಲೆ ಕಡಿಮೆ. ಶಾಲೆಯ ಹಿಂದಿನ ತೋಟದಲ್ಲಿ ಈಗ ಕೃಷಿ ಹೊಂಡ ತೋಡಿಸಿದ್ದಾರೆ. ಸುತ್ತ ಪ್ಲಾಸ್ಟಿಕ್ ಹಾಸು, ಕಾಲಿಟ್ಟರೆ ಜಾರುತ್ತದೆ. ಅಲ್ಲಿಗೇ ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ನೀರು ಅಲುಗದೆ ನಿಂತಿತ್ತು. ಅಲುಗದ ನೀರು ಒಳ್ಳೆಯದೋ ಕೆಟ್ಟದ್ದೋ? ಅಂಚಿನಲ್ಲಿ ಮಂಡಿಯೂರಿ ಬಗ್ಗಿ ನೋಡಿದೆ. ಆಗ ಅಡುಗೆ ರತ್ನಮ್ಮ ಕಿರುಚಿದಳು. "ಚಿಕ್ಕ ಮೇಡಂ, ಬಿರ್ರನೆ ಬನ್ನಿ, ಮಗು ಇಲ್ಲೈತೆ!"

ಅಡುಗೆ ಕೋಣೆಯ ಹಿಂದೆ, ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಪಾತ್ರೆ ತಿಕ್ಕುವ ನಾರು. ನಾಲಿಗೆ ತಿಕ್ಕಿಕೊಳ್ಳುತ್ತಿದ್ದಳು ಮೇಡಂ. ಅಂಗಿಯ ಮೇಲೆ ರಕ್ತ. ನಾರು ಕಿತ್ತುಕೊಂಡೆ. ಅವಳು ಅಳಲೂ ಇಲ್ಲ. ಯಾಕಮ್ಮಾ ಎಂದಾಗ ಒದ್ದೆ ಬೆರಳಲ್ಲಿ ಕಲ್ಲಿನ ಮೇಲೆ ಬರೆದಳು: "ಅಪ್ಪ ತೋಟಕ್ಕೆ ಕರಕೊಂಡು ಹೋಗಲಿಲ್ಲ. ಬಿದ್ದೋಗು ಅಂದೆ."

ನೀವು ಯಾವ ಮಗುವಿನ ಜೊತೆಗೂ ನಿಂತುಕೊಂಡು ಮಾತಾಡಿದ್ದನ್ನು ನಾನು ಕಂಡಿಲ್ಲ. ನಾನೂ ಆ ಕೆಸರಲ್ಲೇ ಕೂತೆ. "ಕರಿನಾಲಿಗೆ ಅಂತ ಯಾವುದೂ ಇಲ್ಲ ಕಣೇ. ನಾನು ಸುಳ್ಳು ಹೇಳ್ದೆ. ತಪ್ಪು ನಂದು" ಎಂದೆ. ಅವಳು ನನ್ನನ್ನೇ ನೋಡಿದಳು. ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳುತ್ತಿರುವುದೋ ಎಂದು ಆ ಮಗುವಿಗೆ ಹೇಗೆ ಗೊತ್ತಾಗಬೇಕು?

ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ಗಾಯಕ್ಕೆ ಔಷಧಿ ಕೊಟ್ಟು, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು. ಮಾರನೇ ದಿನ ಅಜ್ಜಿಯನ್ನೂ ಕರೆದುಕೊಂಡು ಕೋಲಾರದ ಬಸ್ಸು ಹತ್ತಿದೆ. "ಮಾತಾಡು ಅಂತ ಒತ್ತಾಯ ಮಾಡ್ಬೇಡಿ. ಕ್ಲಾಸಲ್ಲಿ ಹೇಳಿದ ಮಾತನ್ನ ಕ್ಲಾಸಲ್ಲೇ ವಾಪಸ್ ತಗೊಳ್ಳಿ" ಎಂದರು ಆ ಡಾಕ್ಟರಮ್ಮ. ಆಮೇಲೆ ಅಪ್ಪನ ವಾರ್ಡಿಗೆ ಹೋದೆವು. ವಿಷಯ ಕೇಳಿ ಅವನು ಮಗಳ ಕೈ ಹಿಡಿದುಕೊಂಡ. "ಕೊಂಬೆ ಒಣಗಿತ್ತು ತಲ್ಲೀ, ನೋಡ್ದೆ ಕಾಲಿಟ್ಟೆ. ನಿನ್ ಮಾತು ಕೊಂಬೆಗೆ ಕೇಳ್ಸುತ್ತಾ?" ಅವಳು ಅವನ ಎದೆ ಮೇಲೆ ಕಿವಿಯಿಟ್ಟು ಮಲಗಿದಳು. ಮಾತು ಮಾತ್ರ ಬರಲಿಲ್ಲ.

ಕ್ಲಾಸಿನ ಮುಂದೆ ನಿಂತು, ಕರಿನಾಲಿಗೆಯ ಮಾತು ಸುಳ್ಳು ಎಂದು ತಪ್ಪೊಪ್ಪಿಕೊಂಡೆ. ಮಕ್ಕಳು ಪಿಳಿಪಿಳಿ ನೋಡಿದವು. ಕೊನೆಗೆ ಭಾರ್ಗವಿಯ ಪಕ್ಕದಲ್ಲಿ ಕೂರುವ ನಸ್ರೀನ್ ಎದ್ದು ನಿಂತಳು. "ಹೌದು ಮೇಡಂ, ಸುಳ್ಳೇ. ನಮ್ ಭಾಯೀಗೆ ದಿನಾ ಸಾಯಿ ಅಂತ ಬೈತೀನಿ. ಅವ್ನು ದಪ್ಪ ಆಗ್ತಾನೇ ಇದಾನೆ." ಕ್ಲಾಸೆಲ್ಲ ನಕ್ಕಿತು. ಭಾರ್ಗವಿ ನಗಲಿಲ್ಲ, ಆದರೆ ತಿರುಗಿ ನಸ್ರೀನಳನ್ನು ನೋಡಿದಳು.

ಮೊನ್ನೆ ಮಂಗಳವಾರ ಹಗ್ಗದಾಟದಲ್ಲಿ ಇಬ್ಬರಿಗೂ ಜಗಳವಾಯಿತು. ನಸ್ರೀನ್ ಹಗ್ಗ ಕಿತ್ತುಕೊಂಡಳು. "ಹೋಗೇ! ಜ್ವರ ಬಂದು ಬಿದ್ಕೋ!" ಏಳು ವಾರದ ಮೇಲೆ ಭಾರ್ಗವಿಯ ಮೊದಲ ಮಾತು. ತಕ್ಷಣ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. "ಬರಲ್ಲ ಹೋಗೇ" ಎಂದು ನಸ್ರೀನ್ ಕುಣಿಯುತ್ತಾ ಹೋದಳು. ಸಂಜೆಯವರೆಗೂ ಭಾರ್ಗವಿ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

ಬುಧವಾರ ಬೆಳಿಗ್ಗೆ ಪ್ರಾರ್ಥನೆಗೆ ನಸ್ರೀನ್ ಇರಲಿಲ್ಲ. ಭಾರ್ಗವಿ ಗೇಟಿನ ಹತ್ತಿರ ಬಂದು ನನ್ನ ಸೆರಗು ಹಿಡಿದು ನಿಂತಳು. ಈ ಹವೆಗೆ ಊರಲ್ಲಿ ಅರ್ಧ ಮನೆಗಳಲ್ಲಿ ಜ್ವರ. ಬರಿಯ ನೆಗಡಿ ಜ್ವರವೇ ಬಂದಿದ್ದರೂ ಈ ಮಗುವಿಗೆ ನಾನು ಏನೆಂದು ಹೇಳಲಿ? ಕರಿನಾಲಿಗೆಯನ್ನು ನಂಬದ ನಾನು ಕೂಡ ದೇವರೇ, ದೇವರೇ ಎನ್ನುತ್ತಿದ್ದೆ. ಇಬ್ಬರೂ ರಸ್ತೆಯನ್ನೇ ನೋಡುತ್ತಾ ನಿಂತೆವು.

ಮಸೀದಿ ತಿರುವಿನಲ್ಲಿ ಒಂದೇ ಜಡೆ ಹೆಣೆದುಕೊಂಡು, ಇನ್ನೊಂದು ಬಿಚ್ಚಿಕೊಂಡು, ಚೀಲ ಎಳೆದಾಡುತ್ತಾ ಯಾರೋ ಓಡಿ ಬರುವುದು ಕಂಡಿತು. ಭಾರ್ಗವಿ ಸೆರಗು ಬಿಟ್ಟಳು.

"ಮೇಡಂ, ಬಂದ್ಲು!"